ನಡಾವಳಿಯಲ್ಲಿ ಬರೆಯದ್ದು

ಶನಿವಾರ ಸಂಜೆ ಆರೂವರೆ, ವೆಸ್ಟ್ರಿಯಲ್ಲಿ ಕಮಿಟಿ.
ಹಾಜರಿ ಹನ್ನೊಂದು. ಪ್ರಾರ್ಥನೆಯಿಂದ ಆರಂಭ.
ನಾಲ್ಕನೆಯ ವಿಷಯ: ಪ್ರಭುಭೋಜನಕ್ಕೆ ಒಂದೇ ಬಟ್ಟಲೋ,
ಇದುವರೆಗಿನಂತೆ ಪುಟ್ಟ ಗ್ಲಾಸುಗಳೋ.
ಇಷ್ಟನ್ನು ಬರೆದಿದ್ದೇನೆ. ಕಾರ್ಯದರ್ಶಿ ನಾನು,
ಇಪ್ಪತ್ತೆರಡು ವರ್ಷದಿಂದ ದುಂಡಗೆ ಬರೆಯುವವನು.

ಹೊಸ ಅಯ್ಯನವರು, ನಿರೂಪ್ ತಿಮೊಥಿ,
ಬೆಳ್ಳಿಯ ಬಟ್ಟಲನ್ನು ಮೇಜಿನ ನಡುವೆ ಇಟ್ಟೇ ಮಾತು ತೆಗೆದರು.
ದೇಹ ಒಂದಾದರೆ ಬಾಯಿಗಳೇಕೆ ಬೇರೆ ಎಂದರು.
ಗ್ರೀಕಿನದೊಂದು ಪದ ಹೇಳಿದರು;
ಕನ್ನಡದಲ್ಲಿ ಬರೆದುಕೊಂಡು, ನೋಡಿ, ಹೊಡೆದುಹಾಕಿದೆ.
ಅನ್ಯೋನ್ಯತೆ ಎಂದು ಅವರು ಬಿಡಿಸಿ ಹೇಳುವಷ್ಟರಲ್ಲಿ
ಪಾಟರಿ ರೋಡಿನ ಹಾರ್ನೊಂದು ಕಿಟಕಿಯಿಂದ ನುಗ್ಗಿ
ಆ ಮಾತನ್ನು ನುಂಗಿಕೊಂಡು ಹೋಯಿತು.

ಡಾಕ್ಟರ್ ಸಲೋಮಿ ಅಂದರು:
ಕರ್ತನಿಗೆ ಕ್ಷಯ ತಗಲದಿರಬಹುದು, ನನ್ನ ಪೇಷಂಟುಗಳಿಗೆ ತಗಲುತ್ತದೆ.
ನಗು. ನಗುವನ್ನು ಬರೆಯುವ ಪದ್ಧತಿಯಿಲ್ಲ.
ಖಜಾಂಚಿ: ಗ್ಲಾಸು ನೂರ ಎಂಬತ್ತು, ಒಡೆದದ್ದು ಏಳು,
ಬಟ್ಟಲಾದರೆ ಪಾಲಿಶಿನ ಖರ್ಚು ಮಾತ್ರ.

ಆಗ ಮೂಲೆಯಿಂದ ಯೆಹೋಶುವಪ್ಪ, ತೊಂಬತ್ತರ ಹತ್ತಿರ,
ಕಿವಿಯ ಯಂತ್ರ ತಿರುವಿಕೊಳ್ಳುತ್ತ:
"ದೊಡ್ಡ ಜ್ವರದ ವರ್ಷ ಬಂದವು ಆ ಗ್ಲಾಸುಗಳು.
ಹಳೆ ಪುಸ್ತಕದಲ್ಲೂ ಹಾಗೇ ಇದೆ, ತೆಗೆದು ನೋಡಿ.
ಜ್ವರ ಎರಡು ವರ್ಷಕ್ಕೆ ಊರು ಬಿಡ್ತು.
ಗ್ಲಾಸು ಬಿಡಲಿಲ್ಲ.
ನಮ್ಮಪ್ಪ ಹೇಳೋನು: ದಂಡಿನ ಕುದುರೆ ಲಾಯದಿಂದ ಬಂದ ನಾವು
ಬಟ್ಟಲಿಗೆ ಬಾಯಿಟ್ಟ ಮೇಲೆ
ಪೇಟೆಯ ಮನೆತನದೋರು ಮೊಣಕಾಲೂರದೆ
ಎದ್ದು ಹೋಗೋರಂತೆ.
ಕೆಮ್ಮಿದ್ದು ಯಾರೋ, ಔಷಧಿ ಯಾರಿಗೋ."

ಆಮೇಲೆ ಫ್ಯಾನಿನ ಸದ್ದು.
ನಾನು ಪೆನ್ನಿಗೆ ಮುಚ್ಚಳ ಹಾಕಿದೆ.
ಪೇಟೆಯ ಮನೆತನ ನಮ್ಮದು.

ಚಹಾದ ತಟ್ಟೆ ಹಿಡಿದು ಬಂದಿದ್ದಳು ತಬಿತಮ್ಮ.
ಪ್ರತಿ ತಿಂಗಳ ಮೊದಲ ಶುಕ್ರವಾರ ರಸೆಲ್ ಮಾರ್ಕೆಟ್ಟಿನಿಂದ
ನಮ್ಮ ಬೆಂಗಳೂರಿನ ನೀಲಿ ದ್ರಾಕ್ಷಿಯನ್ನೇ ಆರಿಸಿ ತಂದು
ಕುದಿಸಿ ಸೋಸುವವಳು. ಉಗುರಿನ ಸಂದಿಯ ನೇರಳೆ
ಮುಂದಿನ ಶುಕ್ರವಾರದ ತನಕ ಹೋಗುವುದಿಲ್ಲ.
ಅವಳನ್ನು ಯಾರೂ ಕೇಳಿರಲಿಲ್ಲ. ಆದರೂ ಅಂದಳು:
"ಕುಡಿಯೋದು ನೂರೆಂಬತ್ತರಲ್ಲಿ ಅಯ್ಯನೋರೆ,
ತೊಳೆಯೋದು ಒಂದೇ ಬೋಗುಣೀಲಿ."

ಸೂಚಕರಿಲ್ಲ. ಅನುಮೋದಕರಿಲ್ಲ.
ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.
ಆಶೀರ್ವಾದದೊಂದಿಗೆ ಮುಕ್ತಾಯ.

ಮರುದಿನ ಆರಾಧನೆ ಮುಗಿದು, ಜನ ಗೇಟಿನಲ್ಲಿ
ಕೈಕುಲುಕುತ್ತಿರುವಾಗ, ರಿಜಿಸ್ಟರ್ ಇಡುವ ನೆಪದಲ್ಲಿ ಹಿಂದಕ್ಕೆ ಹೋದೆ.
ಬೋಗುಣಿಯಲ್ಲಿ ಗ್ಲಾಸುಗಳು ಮುಳುಗಿದ್ದವು,
ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ.
ಯಾವುದು ಯೆಹೋಶುವಪ್ಪನದು, ಯಾವುದು ನನ್ನದು,
ದೇವರಿಗೂ ಹುಡುಕಲು ಹೊತ್ತು ಬೇಕಾದೀತು.
ನೀರು ತೆಳ್ಳಗೆ ಕೆಂಪಾಗಿತ್ತು.

ಮೊದಲ ನೀರನ್ನು ಅವಳು ಮೋರಿಗೆ ಚೆಲ್ಲಲಿಲ್ಲ,
ಕಾಂಪೌಂಡಿನ ಸೀತಾಫಲದ ಬುಡಕ್ಕೆ ಹೊಯ್ದಳು.
ಕನ್ಫರ್ಮೇಶನ್ ತರಗತಿಯಲ್ಲಿ ಕೇಳಲಾರದೆ
ಐವತ್ತು ವರ್ಷ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ:
"ಇದು ರಕ್ತವೇನಮ್ಮ, ಬರೀ ದ್ರಾಕ್ಷಿಯಾ?"

"ಅದು ಓದಿದೋರಿಗೆ ಗೊತ್ತು.
ನನಗೆ ಗೊತ್ತಿರೋದು ಇಷ್ಟೇ:
ಯಾರೂ ಪೂರಾ ಕುಡಿಯೋದಿಲ್ಲ.
ತಳದಲ್ಲಿ ಒಂದು ತೊಟ್ಟು ಎಲ್ಲರೂ ಬಿಟ್ಟಿರ್ತಾರೆ."

ಒರೆಸುವ ಬಟ್ಟೆ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದುಕೊಂಡೆ.
ಬರೆಯುವ ಕೈ, ಒದ್ದೆ ಗಾಜಿನ ಅಭ್ಯಾಸವಿಲ್ಲ.
ಮೂರನೆಯದೋ ನಾಲ್ಕನೆಯದೋ ಜಾರಿತು.
ಅವಳು ಬೈಯಲಿಲ್ಲ, ಪೊರಕೆ ತಂದಳು.

ಮುಂದಿನ ಸಭೆಗೆ ತಿದ್ದಬೇಕು:
ಒಡೆದದ್ದು ಎಂಟು.